ಹಿಂದಿನ ಅಚ್ಚಿನ ಹಲ್ಲುಗಳ ಲೆಕ್ಕ



ಗೇರು ಇರುವ ಸೈಕಲ್ಲನ್ನು ನಿಮ್ಮಲ್ಲಿ ಅನೇಕರು ತುಳಿದಿರುತ್ತೀರಿ. ಏರು ಬಂದ ಕೂಡಲೇ ಸರಪಳಿಯನ್ನು ಹಿಂದಿನ ಗಾಲಿಯ ದೊಡ್ಡ ಹಲ್ಲುಚಕ್ರಕ್ಕೆ ಹಾಯಿಸುತ್ತೀರಿ. ಕಾಲಿಗೆ ಹಗುರವಾಗುತ್ತದೆ, ಆದರೆ ಎಷ್ಟು ಜೋರಾಗಿ ತುಳಿದರೂ ಸೈಕಲ್ ಮೆಲ್ಲಗೇ ಹೋಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಚಿಕ್ಕ ಚಕ್ರಕ್ಕೆ ಬದಲಿಸಿದರೆ ವೇಗ ಸಿಗುತ್ತದೆ, ಆದರೆ ಕಾಲಿಗೆ ಭಾರ. ಬಲ ಬೇಕೆಂದರೆ ವೇಗವನ್ನು ಬಿಟ್ಟುಕೊಡಬೇಕು. ವೇಗ ಬೇಕೆಂದರೆ ಬಲವನ್ನು. ಸಣ್ಣ ರೇಸ್ ಕಾರಿನ ಹಿಂದಿನ ಅಚ್ಚಿನೊಳಗೆ ನಡೆಯುವುದೂ ಇದೇ ವ್ಯವಹಾರ.

ಒಂದು ನಿಜವಾದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಇಂಗ್ಲೆಂಡಿನಲ್ಲಿ 1958ರಲ್ಲಿ ಆಸ್ಟಿನ್-ಹೀಲಿ ಸ್ಪ್ರೈಟ್ ಎಂಬ ಪುಟ್ಟ ಕಾರು ಬಂತು. 1961ರಲ್ಲಿ ಅದರ ಜೊತೆಗಾರ ಎಂ.ಜಿ. ಮಿಜೆಟ್ ಬಂತು. ಮೊದಲ ಸ್ಪ್ರೈಟ್‌ನ ಎಂಜಿನ್ ಕೇವಲ 948 ಸಿ.ಸಿ. ಈ ಕಾರುಗಳು ಹಳೆಯ ಕಾರುಗಳ ರೇಸಿನಲ್ಲಿ ಇಂದಿಗೂ ಓಡುತ್ತವೆ. ಎಂಜಿನ್ನಿನಿಂದ ಬರುವ ಉದ್ದನೆಯ ದಂಡದ ತುದಿಯಲ್ಲಿ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರವಿದೆ. ಅದು ಕ್ರೌನ್ ವೀಲ್ ಎಂಬ ದೊಡ್ಡ ಚಕ್ರವನ್ನು ತಿರುಗಿಸುತ್ತದೆ. ಕ್ರೌನ್ ವೀಲ್ ಹಿಂದಿನ ಗಾಲಿಗಳನ್ನು ತಿರುಗಿಸುತ್ತದೆ.

ಮೊದಲ ವರ್ಷಗಳ ಕಾರುಗಳಲ್ಲಿ ಪಿನಿಯನ್‌ಗೆ 9 ಹಲ್ಲು, ಕ್ರೌನ್ ವೀಲಿಗೆ 38. ಭಾಗಿಸಿದರೆ 4.22. ಅಂದರೆ ದಂಡ 4.22 ಸುತ್ತು ತಿರುಗಿದಾಗ ಗಾಲಿ ಒಂದು ಸುತ್ತು ತಿರುಗುತ್ತದೆ. ಮುಂದೆ 10 ಮತ್ತು 39 ಹಲ್ಲುಗಳ 3.9ರ ಜೋಡಿ ಬಂತು. ಕೊನೆಯ ವರ್ಷಗಳ ಮಿಜೆಟ್‌ನಲ್ಲಿ 11 ಮತ್ತು 41 ಹಲ್ಲುಗಳ 3.73ರ ಜೋಡಿಯಿತ್ತು.

ಇಲ್ಲೊಂದು ಸ್ವಾರಸ್ಯವನ್ನು ಗಮನಿಸಿ. 9 ಮತ್ತು 38ಕ್ಕೆ ಒಂದರ ಹೊರತು ಬೇರೆ ಸಾಮಾನ್ಯ ಅಪವರ್ತನವಿಲ್ಲ. ಉಳಿದೆರಡು ಜೋಡಿಗಳೂ ಹಾಗೆಯೇ. ಇದು ಆಕಸ್ಮಿಕವಲ್ಲ. 9 ಮತ್ತು 36 ಹಲ್ಲುಗಳಿದ್ದರೆ ಪಿನಿಯನ್ನಿನ ಒಂದು ಹಲ್ಲು ಯಾವಾಗಲೂ ಎದುರಿನ ಅದೇ ನಾಲ್ಕು ಹಲ್ಲುಗಳನ್ನು ಮಾತ್ರ ಮುಟ್ಟುತ್ತಿತ್ತು. ಒಂದರಲ್ಲಿ ದೋಷವಿದ್ದರೆ ಅದೇ ನಾಲ್ಕು ಸವೆಯುತ್ತಿದ್ದವು. 9 ಮತ್ತು 38 ಇದ್ದಾಗ ಪ್ರತಿ ಹಲ್ಲೂ ಎದುರಿನ ಎಲ್ಲ ಹಲ್ಲುಗಳನ್ನೂ ಸರದಿಯಂತೆ ಭೇಟಿಯಾಗುತ್ತದೆ, ಸವೆತ ಹಂಚಿಹೋಗುತ್ತದೆ. ಶಾಲೆಯಲ್ಲಿ ಕಲಿತ ಮ.ಸಾ.ಅ. ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಕೇಳುವವರಿಗೆ ಇದೊಂದು ಉತ್ತರ.

ಹಾಗಾದರೆ ರೇಸಿಗೆ ಯಾವ ಜೋಡಿ? ಕಾಗದ ಪೆನ್ಸಿಲು ತೆಗೆದುಕೊಳ್ಳಿ. ಈ ಕಾರಿನ ಟೈರು ಒಂದು ಸುತ್ತಿಗೆ ಸುಮಾರು 1.75 ಮೀಟರ್ ಸಾಗುತ್ತದೆ. ಎಂಜಿನ್ ನಿಮಿಷಕ್ಕೆ 7000 ಸುತ್ತಿನವರೆಗೆ ತಡೆಯುತ್ತದೆ ಎಂದುಕೊಳ್ಳೋಣ. ಟಾಪ್ ಗೇರಿನಲ್ಲಿ ದಂಡವೂ ಅಷ್ಟೇ ತಿರುಗುತ್ತದೆ. 7000ವನ್ನು 4.22ರಿಂದ ಭಾಗಿಸಿ, 1.75ರಿಂದಲೂ 60ರಿಂದಲೂ ಗುಣಿಸಿ, ಕಿಲೋಮೀಟರಿಗೆ ತಂದರೆ ಗಂಟೆಗೆ ಸುಮಾರು 174 ಕಿ.ಮೀ. ಇದೇ ರೀತಿ 3.9ಕ್ಕೆ 188, 3.73ಕ್ಕೆ 197.

ಹೆಚ್ಚು ವೇಗದ 3.73ನ್ನೇ ಹಾಕಿಬಿಡೋಣ ಎನ್ನುತ್ತೀರಾ? ಅವಸರ ಬೇಡ. ಅದು ಗಾಳಿಯ ತಡೆಯನ್ನು ಗೆಲ್ಲುವ ಶಕ್ತಿ ಎಂಜಿನ್ನಿಗೆ ಇದ್ದರೆ ಮಾತ್ರ ಸಿಗುವ ವೇಗ. ಟ್ರ್ಯಾಕಿನ ಅತಿ ಉದ್ದದ ನೇರ ದಾರಿಯ ಕೊನೆಯಲ್ಲಿ ಕಾರು 170 ಮುಟ್ಟುತ್ತದೆ ಎಂದಾದರೆ, 4.22ರಲ್ಲಿ ಎಂಜಿನ್ ಸುಮಾರು 6800 ಸುತ್ತಿನಲ್ಲಿರುತ್ತದೆ. ಮಿತಿಯೊಳಗೇ ಇದೆ, ಆದರೆ ವ್ಯರ್ಥವಿಲ್ಲ. ಜೊತೆಗೆ ಪ್ರತಿ ತಿರುವಿನಿಂದ ಹೊರಬರುವಾಗ 3.9ಕ್ಕಿಂತ ಶೇಕಡಾ 8ರಷ್ಟು ಹೆಚ್ಚು ತಿರುಚುಬಲ ಗಾಲಿಗೆ ಸಿಗುತ್ತದೆ. ನೇರ ದಾರಿ ಮುಗಿಯುವ ಮೊದಲೇ ಎಂಜಿನ್ ಮಿತಿಗೆ ತಾಗಿ ನಿಂತರೆ ಮಾತ್ರ 3.9ಕ್ಕೆ ಹೋಗಬೇಕು. ಟೈರಿನ ಅಳತೆ ಬದಲಾದರೆ ಲೆಕ್ಕವನ್ನು ಮತ್ತೆ ಮಾಡಬೇಕು.

ಲೆಕ್ಕ ಇಲ್ಲಿಗೆ ಮುಗಿಯಿತು. ಇನ್ನು ಕೈಕೆಲಸ. ಇದರಲ್ಲಿ ನಾನು ಕಲಿತ ಒಂದು ಪಾಠವನ್ನು ಹೇಳಬೇಕು.

ಕೆಲವು ವರ್ಷಗಳ ಹಿಂದೆ ಒಂದು ಕಾರ್ಯಕ್ರಮಕ್ಕಾಗಿ, ಹಳೆಯ ಸಣ್ಣ ಕಾರೊಂದನ್ನು ರೇಸಿಗೆ ಸಿದ್ಧಪಡಿಸುವುದನ್ನು ಚಿತ್ರೀಕರಿಸುತ್ತಿದ್ದೆ. ರಾತ್ರಿ ಹೊಸ ಜೋಡಿಯನ್ನು ಕೂರಿಸಿದ್ದರು. ಹಿರಿಯ ಮೆಕ್ಯಾನಿಕ್ "ಬಣ್ಣ ಹಚ್ಚಿ ಒಂದು ಸಲ ನೋಡಿಬಿಡುತ್ತೇನೆ, ಸಾರ್" ಎಂದರು. ಬೆಳಗಿನ ಒಳ್ಳೆಯ ಬೆಳಕು ಹೋಗುತ್ತದೆ, ಏಳು ಗಂಟೆಗೆ ಕಾರು ಹೊರಗಿರಲೇಬೇಕು ಎಂದು ನಾನು ಒತ್ತಾಯಿಸಿದೆ. ಅವರು ಸುಮ್ಮನಾದರು. ಬಯಲಿನಲ್ಲಿ ಎರಡನೆಯ ಸುತ್ತಿಗೆ ಹಿಂದಿನಿಂದ ಊಳಿಡುವ ಸದ್ದು ಬಂತು. ಮೂರನೆಯದಕ್ಕೆ ಫಟ್ ಎಂದಿತು. ಚಾಲಕ ಹುಡುಗ ನಿಧಾನವಾಗಿ ಓಡಿಸುತ್ತಿದ್ದ, ಆದ್ದರಿಂದ ಪಾರಾದ. ಬಿಚ್ಚಿ ನೋಡಿದಾಗ ಮೂರು ಹಲ್ಲು ಮುರಿದಿದ್ದವು. ಉಳಿದ ಹಲ್ಲುಗಳ ಹೊರತುದಿಯಲ್ಲಿ ಮಾತ್ರ ಉಜ್ಜಿದ ಗುರುತು. ಇಡೀ ಹಲ್ಲು ಹೊರಬೇಕಾದ ಭಾರವನ್ನು ಒಂದು ಅಂಚು ಹೊತ್ತಿತ್ತು.

ಆ ಬಣ್ಣದ ಪರೀಕ್ಷೆ ಏನು? ಕೆಲವು ಹಲ್ಲುಗಳಿಗೆ ಗುರುತಿನ ಬಣ್ಣವನ್ನು ತೆಳುವಾಗಿ ಬಳಿದು, ಚಕ್ರಕ್ಕೆ ಸ್ವಲ್ಪ ತಡೆ ಕೊಟ್ಟು ತಿರುಗಿಸುತ್ತಾರೆ. ಹಲ್ಲುಗಳು ಒಂದನ್ನೊಂದು ಮುಟ್ಟಿದ ಜಾಗದಲ್ಲಿ ಬಣ್ಣ ಅಳಿಸುತ್ತದೆ. ಗುರುತು ಹಲ್ಲಿನ ನಡುಭಾಗದಲ್ಲಿರಬೇಕು. ಹಲ್ಲಿನ ನೆತ್ತಿಯ ಕಡೆಗಿದ್ದರೆ, ಪಿನಿಯನ್ ಹಿಂದೆ ತೆಳು ಲೋಹದ ಬಿಲ್ಲೆ ಸೇರಿಸಿ ಅದನ್ನು ಕ್ರೌನ್ ವೀಲಿನ ಹತ್ತಿರ ತರಬೇಕು. ಬುಡದಲ್ಲಿದ್ದರೆ ದೂರ ಸರಿಸಬೇಕು. ಹೊರತುದಿಯಲ್ಲಿದ್ದರೆ ಕ್ರೌನ್ ವೀಲನ್ನು ಪಿನಿಯನ್ ಕಡೆಗೆ, ಒಳತುದಿಯಲ್ಲಿದ್ದರೆ ಆಚೆಗೆ.

ಹಲ್ಲುಗಳ ನಡುವೆ ಸ್ವಲ್ಪ ಸಡಿಲವೂ ಇರಬೇಕು. ಸಾಮಾನ್ಯವಾಗಿ 0.1ರಿಂದ 0.2 ಮಿಲಿಮೀಟರ್, ಅಂದರೆ ನಿಮ್ಮ ನೋಟ್ ಪುಸ್ತಕದ ಒಂದೆರಡು ಹಾಳೆಗಳಷ್ಟು ದಪ್ಪ. ನಿಖರ ಅಳತೆಯನ್ನು ಆಯಾ ಕಾರಿನ ಕೈಪಿಡಿ ಹೇಳುತ್ತದೆ. ಕಡಿಮೆಯಾದರೆ ಬಿಸಿಗೆ ಲೋಹ ಹಿಗ್ಗಿ, ಎಣ್ಣೆಯ ಪದರಕ್ಕೆ ಜಾಗವಿಲ್ಲದೆ ಹಲ್ಲು ಸುಡುತ್ತದೆ. ಹೆಚ್ಚಾದರೆ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಸುತ್ತಿಗೆಯ ಪೆಟ್ಟು. ಇನ್ನೊಂದು ಮಾತು: ಪಿನಿಯನ್ ಮತ್ತು ಕ್ರೌನ್ ವೀಲನ್ನು ಕಾರ್ಖಾನೆಯಲ್ಲಿ ಜೊತೆಯಾಗಿಯೇ ಉಜ್ಜಿ ಹೊಂದಿಸಿರುತ್ತಾರೆ. ಒಂದನ್ನು ಮಾತ್ರ ಬದಲಿಸಬಾರದು.

ವಿಜ್ಞಾನ ಪದವೀಧರನಾದ ನನಗೆ ಅಂದು ಭಾಗಾಕಾರ ತಿಳಿದಿತ್ತು. ಆ ಹಾಳೆಯ ದಪ್ಪದ ಬೆಲೆ ತಿಳಿದಿದ್ದವರು ಮೆಕ್ಯಾನಿಕ್. ಮುಂದೆ ನಿಮ್ಮಲ್ಲಿ ಕೆಲವರು ಎಂಜಿನಿಯರುಗಳಾಗುತ್ತೀರಿ, ಕೆಲವರು ನನ್ನಂತೆ ಇನ್ನೊಬ್ಬರ ಕೆಲಸಕ್ಕೆ ಗಡುವು ಹಾಕುವವರಾಗುತ್ತೀರಿ. "ಒಂದು ಸಲ ನೋಡಿಬಿಡುತ್ತೇನೆ" ಎಂದು ಕೈ ಮಸಿಯಾದವರು ಕೇಳಿದಾಗ, ದಯವಿಟ್ಟು ಆ ಅರ್ಧ ಗಂಟೆ ಕೊಡಿ.