ಫ್ರೀಜರ್‌ನ ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ?

ಇಲ್ಲಿ ನಾರ್ತ್ ಸಿಡ್ನಿಯಲ್ಲಿ ಸೇರಿರುವ ಬಂಧುಗಳಿಗೂ ಮೆಲ್ಬರ್ನ್‌ನಿಂದ ಬಂದಿರುವ ಗೆಳೆಯರಿಗೂ ವಂದನೆಗಳು.

ಜೀವವಿಜ್ಞಾನ ಸಂಸ್ಥೆಗಳ ಸಹಕಾರದ ಬಗ್ಗೆ ಮಾತಾಡಲು ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಯಾಕೆ ಎಂದು ಕಾರ್ಯದರ್ಶಿಗಳನ್ನು ಕೇಳಿದೆ. "ಕನಸು ಹೇಳೋರು ಬಹಳ ಜನ ಇದ್ದಾರೆ ಸಾರ್, ನೀವು ಖರ್ಚು ಹೇಳಿ" ಅಂದರು. ಖರ್ಚನ್ನೇ ಹೇಳುತ್ತೇನೆ.

ನಿಮ್ಮಲ್ಲಿ ಮಲೆನಾಡಿನವರು ಇದ್ದೀರಿ. ಮಂಗನ ಕಾಯಿಲೆ ನಿಮಗೆ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಅದನ್ನು ಗುರುತಿಸಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ಆ ಕೇಂದ್ರವೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ ಜೊತೆಗೂಡಿ ಕಟ್ಟಿದ್ದು. ಇವತ್ತಿಗೂ ಕಾಡಿನಲ್ಲಿ ಮಂಗ ಸತ್ತರೆ ಅರಣ್ಯ ಇಲಾಖೆ ಬರಬೇಕು, ಮರಣೋತ್ತರ ಪರೀಕ್ಷೆಗೆ ಪಶುವೈದ್ಯರು ಬೇಕು, ಉಣುಗು ಹಿಡಿಯಲು, ಜ್ವರದವರನ್ನು ನೋಡಲು ಆರೋಗ್ಯ ಇಲಾಖೆ ಬೇಕು. ಹಳೆಯ ಲಸಿಕೆಯ ಪರಿಣಾಮ ಸಾಲದೆಂದು ಅದನ್ನು ಕೊಡುವುದೂ ನಿಂತಿದೆ. ಕಾಯಿಲೆ ಪ್ರತಿ ಬೇಸಿಗೆಗೂ ಬರುತ್ತದೆ. ಸಂಶೋಧನೆಯ ಹಣ ಮಾತ್ರ ಮೂರು ವರ್ಷಕ್ಕೆಂದು ಬಂದು ಮುಗಿದುಹೋಗುತ್ತದೆ. ನನ್ನ ಇಡೀ ಮಾತು ಈ ಎರಡರ ನಡುವಿನ ಅಂತರದ ಬಗ್ಗೆ.

ಮೆಲ್ಬರ್ನ್‌ನವರಿಗೆ ಡೊಹರ್ಟಿ ಇನ್‌ಸ್ಟಿಟ್ಯೂಟ್ ಗೊತ್ತು. ಮೆಲ್ಬರ್ನ್ ವಿಶ್ವವಿದ್ಯಾಲಯ ಮತ್ತು ರಾಯಲ್ ಮೆಲ್ಬರ್ನ್ ಆಸ್ಪತ್ರೆಯ ಜಂಟಿ ಸಂಸ್ಥೆ, 2014ರಲ್ಲಿ ತೆರೆಯಿತು. 2020ರ ಜನವರಿಯಲ್ಲಿ ಕೊರೊನಾ ವೈರಸ್ಸನ್ನು ಚೀನಾದ ಹೊರಗೆ ಮೊದಲು ರೋಗಿಯ ಮಾದರಿಯಿಂದ ಬೆಳೆಸಿ, ಬೇರೆ ಲ್ಯಾಬ್‌ಗಳಿಗೆ ಹಂಚಲು ಮುಂದಾದದ್ದು ಅಲ್ಲಿನವರು. ಪತ್ರಿಕೆಗಳು ವಿಜ್ಞಾನಿಗಳ ಜಾಣತನವನ್ನು ಬರೆದವು, ಅದು ಸರಿಯೇ. ಆದರೆ ನನ್ನಂಥವನ ಕಣ್ಣಿಗೆ ಬೀಳುವುದು ಬೇರೆ. ರೋಗ ಬರುವ ಆರು ವರ್ಷ ಮೊದಲೇ ರೋಗಪತ್ತೆಯ ಲ್ಯಾಬೂ ವಿಶ್ವವಿದ್ಯಾಲಯದವರೂ ಒಂದೇ ಸೂರಿನಡಿ ಇದ್ದರು. ಯಾರ ಯಂತ್ರ, ಯಾರ ಬಾಡಿಗೆ ಎಂಬ ಜಗಳಗಳನ್ನು ಜನವರಿಯಲ್ಲಿ ಕೂತು ಬಗೆಹರಿಸಬೇಕಾಗಿರಲಿಲ್ಲ.

ಎರಡು ದೇಶಗಳ ನಡುವೆ ಇದು ಇನ್ನೂ ಕಷ್ಟ. ಆಸ್ಟ್ರೇಲಿಯಾ–ಭಾರತ ಸಂಶೋಧನಾ ನಿಧಿ 2006ರಿಂದ ಇದೆ. ಒಳ್ಳೆಯ ಏರ್ಪಾಡು: ಯಾವ ದೇಶದ ವಿಜ್ಞಾನಿಗೆ ಆಯಾ ದೇಶವೇ ಹಣ ಕೊಡುತ್ತದೆ. ಆದರೆ ಕ್ಯಾಲೆಂಡರ್ ನೋಡಿ. ಭಾರತದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಇಲ್ಲಿನ ಸರ್ಕಾರದ್ದು ಜೂನ್ 30ಕ್ಕೆ, ಇಲ್ಲಿನ ವಿಶ್ವವಿದ್ಯಾಲಯಗಳದ್ದು ಡಿಸೆಂಬರ್ 31ಕ್ಕೆ. ಒಂದೇ ಪ್ರಾಜೆಕ್ಟ್‌ಗೆ ಮೂರು ಯುಗಾದಿ! ಅಲ್ಲಿ ಹಣ ಬಳಕೆ ಪ್ರಮಾಣಪತ್ರ ಹೋಗದೆ ಮುಂದಿನ ಕಂತು ಬಿಡುಗಡೆಯಾಗುವುದಿಲ್ಲ. ಅಲ್ಲಿ ಕಂತು ತಡವಾದಾಗ ಇಲ್ಲಿ ನೇಮಿಸಿಕೊಂಡ ಹುಡುಗಿಯ ಗುತ್ತಿಗೆ ಓಡುತ್ತಲೇ ಇರುತ್ತದೆ, ಅವಳಿಗೆ ಬರಬೇಕಾದ ಮಾದರಿಗಳು ಮಾತ್ರ ಬಂದಿರುವುದಿಲ್ಲ. ಅವಳ ವೀಸಾ ಆ ಗುತ್ತಿಗೆಗೇ ಅಂಟಿಕೊಂಡಿದ್ದರೆ ಏನಾಗುತ್ತದೆಂದು ಈ ಸಭೆಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಫ್ರೀಜರ್. ಮೈನಸ್ 80 ಡಿಗ್ರಿಯ ಒಂದು ಫ್ರೀಜರ್ ಹೆಚ್ಚುಕಡಿಮೆ ಒಂದು ಮನೆಯಷ್ಟು ಕರೆಂಟ್ ತಿನ್ನುತ್ತದೆ. ಇಲ್ಲಿನ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅನುದಾನ ನೇರ ಖರ್ಚಿಗೆ ಮಾತ್ರ. ಕಟ್ಟಡ, ಕರೆಂಟು, ಆಡಳಿತಕ್ಕೆ ಸಂಸ್ಥೆ ಬೇರೆ ಕಡೆ ಹುಡುಕಬೇಕು. ಪ್ರಾಜೆಕ್ಟ್ ಮುಗಿದ ಮೇಲೆ ಸಾವಿರಾರು ಮಾದರಿಗಳಿದ್ದ ಫ್ರೀಜರ್ ಯಾರ ಪುಸ್ತಕದಲ್ಲೂ ಇಲ್ಲದೆ ಅನಾಥವಾಗಿ ನಿಂತದ್ದನ್ನು ನಾನೇ ನೋಡಿದ್ದೇನೆ. ಎರಡೂ ಸಂಸ್ಥೆಗಳು "ಅದು ಅವರದ್ದು" ಎಂದವು. ಒಪ್ಪಂದದಲ್ಲಿ ಪೇಟೆಂಟ್ ಹಂಚಿಕೆಗೆ ನಾಲ್ಕು ಪುಟ, ಫ್ರೀಜರ್‌ಗೆ ಒಂದು ಸಾಲೂ ಇರಲಿಲ್ಲ. ಹುಟ್ಟದ ಮಗುವಿಗೆ ಕುಲಾವಿ ಹೊಲಿಸಿದ್ದರು.

ಇದಕ್ಕೆ ಉತ್ತರ ನಮ್ಮ ಬೆಂಗಳೂರಿನಲ್ಲೇ ಅಷ್ಟಿಷ್ಟು ಇದೆ. ಜಿಕೆವಿಕೆ ಆವರಣದಲ್ಲಿ ಎನ್‌ಸಿಬಿಎಸ್, ಇನ್‌ಸ್ಟೆಮ್, ಸಿ-ಕ್ಯಾಂಪ್ ಅಕ್ಕಪಕ್ಕ ಇವೆ. ಎನ್‌ಸಿಬಿಎಸ್ ಪರಮಾಣು ಶಕ್ತಿ ಇಲಾಖೆಯ ಅಡಿಯದು, ಉಳಿದೆರಡು ಬಯೋಟೆಕ್ನಾಲಜಿ ಇಲಾಖೆಯ ಕಡೆಯವು. ದೆಹಲಿಯಲ್ಲಿ ಬೇರೆ ಬೇರೆ ಕಡತ, ಬೆಂಗಳೂರಿನಲ್ಲಿ ಹಂಚಿಕೊಂಡ ಮೈಕ್ರೋಸ್ಕೋಪು, ಸೀಕ್ವೆನ್ಸಿಂಗ್ ಯಂತ್ರಗಳು. ಹೊರಗಿನವರೂ ಶುಲ್ಕ ಕೊಟ್ಟು ಬಳಸಬಹುದು. ಬಳಸಿದವರಿಗೆ ಬಿಲ್ ಹೋಗುವುದು ನನಗೆ ಬಹಳ ಇಷ್ಟ. ಬಿಲ್ ಇದ್ದ ಕಡೆ ನಿರ್ವಹಣೆಗೂ ಒಂದಿಷ್ಟು ಕಾಸು ಹುಟ್ಟುತ್ತದೆ. ಪುಕ್ಕಟೆ ಯಂತ್ರ ಕೆಟ್ಟರೆ ರಿಪೇರಿ ಮಾಡಿಸುವ ಧಣಿ ಯಾರೂ ಇರುವುದಿಲ್ಲ.

ನಿಮ್ಮಲ್ಲಿ ವಿಜ್ಞಾನಿಗಳಿಗಿಂತ ಲ್ಯಾಬ್ ಮ್ಯಾನೇಜರ್‌ಗಳು, ಖರೀದಿ ವಿಭಾಗದವರು, ಅನುದಾನದ ಕಚೇರಿಯವರು ಹೆಚ್ಚಿದ್ದೀರಿ. ಮುಂದಿನ ಬಾರಿ ಬೆಂಗಳೂರಿನ ಜೊತೆ ಅರ್ಜಿ ಹಾಕುವಾಗ ಮೂರು ಕ್ಯಾಲೆಂಡರನ್ನೂ ಒಂದೇ ಹಾಳೆಯಲ್ಲಿ ಬರೆಸಿ. ತಡವಾದ ಕಂತಿಗೆ ಮೂರು ತಿಂಗಳ ಸಂಬಳವನ್ನು ಯಾವ ಸಂಸ್ಥೆ ತುಂಬುತ್ತದೆಂದು ಸಹಿ ಹಾಕಿಸಿ. ನಾಲ್ಕನೇ ವರ್ಷದ ಫ್ರೀಜರ್ ಯಾರದೆಂದು ಹೆಸರು ಬರೆಸಿ. ಮುಜುಗರವಾದರೂ ಮೊದಲ ದಿನವೇ ಕೇಳಿ.

ಬಜೆಟ್ ಹಾಳೆ ನೋಡಿಕೊಡಲು ನಾನಿದ್ದೇನೆ, ಶುಲ್ಕ ಬೇಡ, ಕಾಫಿ ಸಾಕು. ಜುಲೈಯಿಂದ ಅಕ್ಟೋಬರ್‌ವರೆಗೆ ಮಾತ್ರ ಕರೆಯಬೇಡಿ, ಟ್ಯಾಕ್ಸ್ ರಿಟರ್ನ್ ಕಾಲ. ಮನೆಯವರ ಫೋನನ್ನೇ ಎತ್ತುವುದಿಲ್ಲ.