ಮೊದಲ ದಿನ ಎಷ್ಟು ಕಿಲೋ?

(ವಿದ್ಯಾರ್ಥಿ ನಿಲಯದ ವಾರ್ಷಿಕ ಕ್ರೀಡಾ ದಿನದಂದು ಮಾಡಿದ ಭಾಷಣ)



ಉರ್ದು-ಕನ್ನಡ ಮೇಷ್ಟ್ರು ಭಾರ ಎತ್ತುವ ವಿಷಯ ಮಾತನಾಡುವುದೇ ಎಂದು ಹಿಂದಿನ ಸಾಲಿನಲ್ಲಿ ಕೆಲವರು ನಗುತ್ತಿದ್ದೀರಿ. ನಗಿ, ಅಡ್ಡಿಯಿಲ್ಲ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದ ಕೆ.ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು ಎಂಬುದನ್ನು ಮಾತ್ರ ನೆನಪಿಸುತ್ತೇನೆ. ಸಾಹಿತ್ಯಕ್ಕೂ ಸ್ನಾಯುಗಳಿಗೂ ಅಂಥ ವೈರವೇನಿಲ್ಲ.

ನಾನು ಆರಂಭಿಸುವುದೂ ಒಂದು ಶಬ್ದದಿಂದಲೇ. ನಾವು ಕನ್ನಡದಲ್ಲಿ ಬಳಸುವ ‘ಕಸರತ್ತು’ ಉರ್ದುವಿನ ‘ಕಸ್ರತ್’. ಅದರ ಬೇರು ಅರಬ್ಬಿಯಲ್ಲಿದೆ. ಮೂಲ ಅರ್ಥ ಹೆಚ್ಚಳ, ಬಾಹುಳ್ಯ. ಒಂದು ಕೆಲಸವನ್ನು ಹೆಚ್ಚು ಸಲ ಮಾಡುವುದೇ ಅಭ್ಯಾಸ, ಅದೇ ವ್ಯಾಯಾಮ. ಭಾರ ಎಂಬ ಅರ್ಥ ಆ ಪದದಲ್ಲಿ ಎಲ್ಲಿಯೂ ಇಲ್ಲ. ಹೊಸದಾಗಿ ಜಿಮ್ ಸೇರುವವನು ‘ಎಷ್ಟು ಕಿಲೋ’ ಎಂದು ಕೇಳುವ ಮೊದಲು ‘ಎಷ್ಟು ಸಲ’ ಎಂದು ಕೇಳಲಿ ಎಂಬುದೇ ಇವತ್ತಿನ ನನ್ನ ಮಾತು.

ಪರೀಕ್ಷೆ ಮುಗಿದ ಕೂಡಲೇ ನಮ್ಮ ಪಿಯುಸಿ ಹುಡುಗರು ಜಿಮ್‌ಗೆ ಹೆಸರು ಹಚ್ಚುತ್ತಾರೆ. ಸಂತೋಷ. ಆದರೆ ಪಕ್ಕದಲ್ಲಿ ನಾಲ್ಕು ವರ್ಷದಿಂದ ಬರುತ್ತಿರುವವನು ರಾಡಿಗೆ ದೊಡ್ಡ ಪ್ಲೇಟು ಹಾಕಿದ್ದಾನೆ. ಸ್ನೇಹಿತರು ನೋಡುತ್ತಿದ್ದಾರೆ, ಒಬ್ಬ ಮೊಬೈಲ್ ಹಿಡಿದಿದ್ದಾನೆ. ಇವನೂ ಅಷ್ಟೇ ಹಾಕುತ್ತಾನೆ. ಬೆನ್ನು ಗೂನಾಗುತ್ತದೆ, ಸೊಂಟ ಜೋಲಿ ಹೊಡೆಯುತ್ತದೆ, ಹೇಗೋ ಎರಡು ಸಲ ಎತ್ತುತ್ತಾನೆ. ಎರಡನೇ ವಾರದಲ್ಲಿ ಭುಜ ಹಿಡಿದುಕೊಂಡು ತರಗತಿಯಲ್ಲಿ ಕುಳಿತಿರುತ್ತಾನೆ. ಹಲಗೆಯ ಮೇಲೆ ಬರೆಯಪ್ಪಾ ಎಂದರೆ ಕೈ ಮೇಲೇಳುವುದಿಲ್ಲ. ಆ ಭಾರವನ್ನು ಆರಿಸಿದ್ದು ಅವನ ತೋಳಲ್ಲ, ನೋಡುವವರ ಕಣ್ಣು.

ಈಗ ಒಬ್ಬ ವೈದ್ಯರ ವಿಷಯ ಹೇಳುತ್ತೇನೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಚಿಕಾಗೋದ ಸೇನಾ ಆಸ್ಪತ್ರೆಯಲ್ಲಿ ಥಾಮಸ್ ಡಿಲಾರ್ಮ್ ಎಂಬವರಿದ್ದರು. ಮೊಣಕಾಲಿಗೆ ಪೆಟ್ಟಾದ ಸೈನಿಕರ ತೊಡೆ ಸೊರಗಿ ಹೋಗುತ್ತಿತ್ತು. ಅವರಿಗೆ ಭಾರ ಎತ್ತಿಸಿ ಬಲ ತುಂಬಬಹುದೆಂದು ಡಿಲಾರ್ಮ್ 1945ರಲ್ಲಿ ಲೇಖನ ಪ್ರಕಟಿಸಿದರು. ಆಗ ಆ ಕ್ರಮವನ್ನು ‘ಭಾರಿ ಪ್ರತಿರೋಧದ ವ್ಯಾಯಾಮ’ ಎಂದು ಕರೆದಿದ್ದರು. 1948ರ ಹೊತ್ತಿಗೆ ಡಾ. ವಾಟ್ಕಿನ್ಸ್ ಜೊತೆಗೂಡಿ ಕ್ರಮವನ್ನು ತಿದ್ದಿದರು. ಹೆಸರೂ ಬದಲಾಯಿತು: ‘ಭಾರಿ’ ಹೋಗಿ ‘ಹಂತಹಂತವಾಗಿ ಏರುವ’ ಎಂದಾಯಿತು. ಭಾಷಾ ಶಿಕ್ಷಕನಾದ ನನಗೆ ಈ ಒಂದು ವಿಶೇಷಣದ ಬದಲಾವಣೆಯೇ ಬಹಳ ಹಿಡಿಸಿತು.

ಅವರ ಲೆಕ್ಕ ಸರಳ. ಸರಿಯಾದ ಭಂಗಿಯಲ್ಲಿ ನೀವು ಹತ್ತು ಸಲ ಮಾತ್ರ ಎತ್ತಬಲ್ಲ ಭಾರ ಯಾವುದೆಂದು ಕಂಡುಕೊಳ್ಳಿ. ಅದು 20 ಕಿಲೋ ಎಂದಿಟ್ಟುಕೊಳ್ಳೋಣ. ಮೊದಲು ಅದರ ಅರ್ಧ, ಅಂದರೆ 10 ಕಿಲೋ ಹತ್ತು ಸಲ. ಆಮೇಲೆ ಮುಕ್ಕಾಲು, 15 ಕಿಲೋ ಹತ್ತು ಸಲ. ಕೊನೆಗೆ ಪೂರ್ತಿ 20 ಕಿಲೋ ಹತ್ತು ಸಲ. ಗಮನಿಸಿ, ಇಲ್ಲಿ ಭಾರವನ್ನು ನಿರ್ಧರಿಸಿದ್ದು ಎಣಿಕೆ.

ಹೊಸಬರು ಇದಕ್ಕಿಂತಲೂ ಸ್ವಲ್ಪ ಕೆಳಗಿನಿಂದ ಹೊರಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಮೊದಲ ದಿನ ಬರೀ ರಾಡು ಸಾಕು. ದೊಡ್ಡ ಜಿಮ್‌ಗಳ ಉದ್ದನೆಯ ರಾಡು ಖಾಲಿಯಿದ್ದರೂ 20 ಕಿಲೋ ತೂಗುತ್ತದೆ, ಮಹಿಳೆಯರದ್ದು 15. ಅದೇ ಹೆಚ್ಚೆನಿಸಿದರೆ ಸಣ್ಣ ಡಂಬೆಲ್ಸ್ ಹಿಡಿಯಿರಿ, ನಾಚಿಕೆ ಬೇಡ. ಹತ್ತು ಸಲ ಎತ್ತಿ ಇಳಿಸಿದ ಮೇಲೆ ‘ಇನ್ನೆರಡು ಸಲ ಆಗುತ್ತಿತ್ತು’ ಅನ್ನಿಸಬೇಕು. ಆಗ ಭಾರ ಸರಿಯಾಗಿದೆ. ಇನ್ನೂ ಹತ್ತು ಸಲ ಆಗುತ್ತಿತ್ತು ಅನ್ನಿಸಿದರೆ ಕಡಿಮೆಯಾಯಿತು. ಆರನೆಯದಕ್ಕೇ ಬೆನ್ನು ಬಾಗಿದರೆ, ಉಸಿರು ಬಿಗಿಹಿಡಿದು ಮುಖ ಕೆಂಪಾದರೆ, ರಾಡು ಧಡ್ಡನೆ ಕೆಳಗೆ ಬಿದ್ದರೆ ಹೆಚ್ಚಾಯಿತು. ಎತ್ತುವಾಗ ಉಸಿರು ಹೊರಗೆ, ಇಳಿಸುವಾಗ ಒಳಗೆ. ಇಳಿಸುವುದೂ ವ್ಯಾಯಾಮವೇ, ಅದನ್ನು ನಿಧಾನ ಮಾಡಿ.

ಭಾರ ಏರಿಸುವುದು ಯಾವಾಗ? ಹತ್ತು ಸಲ ಆಗುತ್ತಿದ್ದದ್ದು ಹನ್ನೆರಡು ಸಲ ಸಲೀಸಾಗಿ, ಒಂದರ ಹಿಂದೆ ಒಂದು ಎರಡು ದಿನದ ಅಭ್ಯಾಸದಲ್ಲೂ ಆದಾಗ. ಆಗಲೂ ನೂರಕ್ಕೆ ಎರಡರಿಂದ ಹತ್ತರಷ್ಟು ಮಾತ್ರ. ಕಾಲಿನ ವ್ಯಾಯಾಮಕ್ಕೆ ತುಸು ಹೆಚ್ಚು, ಭುಜ-ತೋಳಿಗೆ ಕಡಿಮೆ. ರಾಡಿನ ಎರಡೂ ಕಡೆ ಒಂದೂಕಾಲು ಕಿಲೋದ ಪ್ಲೇಟು ಹಾಕಿದರೆ ಎರಡೂವರೆ ಕಿಲೋ ಏರುತ್ತದೆ. ಮೂಲೆಯಲ್ಲಿ ಧೂಳು ತಿನ್ನುತ್ತಾ ಬಿದ್ದಿರುವ ಆ ಪುಟ್ಟ ಪ್ಲೇಟೇ ಹೊಸಬನ ನಿಜವಾದ ಗೆಳೆಯ.

ಇಲ್ಲೊಂದು ಮೋಸವಿದೆ. ಮೊದಲ ಕೆಲವು ವಾರ ಬಲ ಬೇಗ ಬೇಗ ಏರುತ್ತದೆ. ಹುಡುಗರು ಕನ್ನಡಿ ನೋಡಿಕೊಳ್ಳುತ್ತಾರೆ. ವಾಸ್ತವವಾಗಿ ಆಗ ಸ್ನಾಯು ಬೆಳೆದಿರುವುದು ಕಡಿಮೆ. ಇರುವ ಸ್ನಾಯುವನ್ನು ಬಳಸಿಕೊಳ್ಳಲು ನರಗಳು ಕಲಿತಿರುತ್ತವೆ, ಅಷ್ಟೆ. ಸ್ನಾಯುವನ್ನು ಎಲುಬಿಗೆ ಕಟ್ಟಿರುವ ಸ್ನಾಯುರಜ್ಜುಗಳು ಗಟ್ಟಿಯಾಗಲು ಇನ್ನೂ ಹೆಚ್ಚು ಕಾಲ ಬೇಕು. ಕೈ ‘ಆಗುತ್ತದೆ’ ಅನ್ನುತ್ತದೆ, ಕೀಲು ಇನ್ನೂ ತಯಾರಿರುವುದಿಲ್ಲ.

ಸ್ಪರ್ಧೆಗಳಲ್ಲಿಯೂ ನೋಡಿ. ಬೆಂಗಳೂರಿನ ಫರ್ಮಾನ್ ಬಾಷಾ ಅವರ ಹೆಸರು ಕೇಳಿರಬಹುದು. ಪೋಲಿಯೊ ಪೀಡಿತರಾಗಿದ್ದೂ ಪ್ಯಾರಾ ಪವರ್‌ಲಿಫ್ಟಿಂಗ್‌ನಲ್ಲಿ ಹೆಸರು ಮಾಡಿ 2008ರ ಅರ್ಜುನ ಪ್ರಶಸ್ತಿ ಪಡೆದವರು. ಆ ಆಟದಲ್ಲಿ ಬೆಂಚಿನ ಮೇಲೆ ಮಲಗಿ ಭಾರ ಎತ್ತಲು ಮೂರು ಅವಕಾಶ. ಮೊದಲ ಭಾರದಲ್ಲಿ ಸೋತರೆ ಅದನ್ನೇ ಮತ್ತೆ ಪ್ರಯತ್ನಿಸಬಹುದು, ಇಳಿಸುವಂತಿಲ್ಲ. ಮೂರೂ ಸಲ ಸೋತರೆ ಲೆಕ್ಕಕ್ಕೇ ಇಲ್ಲ. ಹೀಗಾಗಿ ಪಳಗಿದವರೂ ಮೊದಲ ಭಾರವನ್ನು ಖಂಡಿತ ಎತ್ತಬಲ್ಲಷ್ಟೇ ಹೇಳುತ್ತಾರೆ. ಅಂಥವರಿಗಿಲ್ಲದ ಅವಸರ ನಮಗೇಕೆ?

ಪಾಲಕರು ಕೇಳುವ ಒಂದು ಪ್ರಶ್ನೆ: ಭಾರ ಎತ್ತಿದರೆ ಮಕ್ಕಳು ಕುಳ್ಳಾಗುವುದಿಲ್ಲವೇ? ತಿಳಿದವರ ಕಣ್ಣೆದುರು ಹಗುರವಾಗಿ, ಕ್ರಮವಾಗಿ ಮಾಡಿದರೆ ಹಾಗೆ ಆಗುತ್ತದೆಂಬುದಕ್ಕೆ ಆಧಾರವಿಲ್ಲ. ಆದರೆ ಹೈಸ್ಕೂಲು ಮಕ್ಕಳು ‘ಒಂದೇ ಸಲ ಎಷ್ಟು ಎತ್ತಬಲ್ಲೆ’ ಎಂಬ ಪಂದ್ಯ ಕಟ್ಟಬಾರದು. ವಾರ್ಡನ್ ಸಾಹೇಬರು ಈ ಮಾತನ್ನು ದಯವಿಟ್ಟು ಬರೆದುಕೊಳ್ಳಬೇಕು. ರಮಜಾನಿನಲ್ಲಿ ಉಪವಾಸವಿರುವವರು ಹಗಲು ಬೆವರಿಳಿಸುವುದು ಬೇಡ, ಇಫ್ತಾರ್ ನಂತರ ಮಾಡಿ, ಭಾರವನ್ನೂ ಇಳಿಸಿ. ರಕ್ತದೊತ್ತಡ, ಹೃದಯದ ತೊಂದರೆ ಇರುವ ಹಿರಿಯರು ಮೊದಲು ವೈದ್ಯರನ್ನು ಕೇಳಿ.

ಕೊನೆಯದಾಗಿ ಆ ಕಡೆ ಕುಳಿತಿರುವ ತಾಯಂದಿರಿಗೆ. ಇದು ಹುಡುಗರ ಮಾತೆಂದು ತಾವು ಸುಮ್ಮನೆ ಕೇಳುತ್ತಿದ್ದೀರಿ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನು ಎಲ್ಲ ವಯಸ್ಕರಿಗೂ ಹೇಳಿದೆ, ಗಂಡಸರಿಗೆ ಮಾತ್ರವಲ್ಲ. ವಯಸ್ಸಾದಂತೆ ಮೂಳೆ ಸವೆಯುವುದು ಹೆಂಗಸರಲ್ಲೇ ಹೆಚ್ಚು. ಜಿಮ್ ಬೇಕಿಲ್ಲ. ಒಂದು ಲೀಟರ್ ನೀರು ತುಂಬಿದ ಬಾಟಲಿ ಸುಮಾರು ಒಂದು ಕಿಲೋ. ಎರಡು ಕೈಯಲ್ಲಿ ಎರಡು ಬಾಟಲಿ ಹಿಡಿದು ಹತ್ತು ಸಲ ಎತ್ತಿ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕುಳಿತುಕೊಳ್ಳಿ. ಹನ್ನೆರಡು ಸಲ ಸಲೀಸಾದಾಗ ಎರಡು ಲೀಟರಿನ ಬಾಟಲಿ ಹುಡುಕಿ. ನಡುವೆ ಬೇಕಿದ್ದರೆ ಅದರಲ್ಲಿ ಒಂದೂವರೆ ಲೀಟರ್ ಮಾತ್ರ ತುಂಬಬಹುದು. ಆ ಅನುಕೂಲ ಜಿಮ್‌ನ ಡಂಬೆಲ್ಸ್‌ಗೂ ಇಲ್ಲ.