ಸಾವಿರ ಸಲ ಹಾಜರಿ
(ಅಭ್ಯಾಸ ಶಿಬಿರದಲ್ಲಿ ಆಡಿದ ಮಾತು)



ನನಗೆ ಕೊಟ್ಟಿರೋ ವಿಷಯ 'ಶಿಕ್ಷಣ ಮತ್ತು ದಲಿತರು'. ಈ ಹೆಸರಿನ ಭಾಷಣ ನೀವು ಬೇಕಾದಷ್ಟು ಕೇಳಿದ್ದೀರಿ. ಬಾಬಾಸಾಹೇಬರ ಫೋಟೋಕ್ಕೆ ಹಾರ ಹಾಕಿ ಹೋಗುವ ಮಂತ್ರಿಗಳೂ ಶಿಕ್ಷಣವೇ ಬೆಳಕು ಅಂತಾರೆ. ಅಷ್ಟು ದೊಡ್ಡ ಮಾತಿಗೆ ನಾನು ಹೋಗಲ್ಲ. ನಮ್ಮ ಕೇರಿಯವರೇ ಆದ ಒಬ್ಬ ಪ್ರೈಮರಿ ಶಾಲೆ ಹೆಡ್ಮಾಸ್ತರು ಹೋದ ವರ್ಷ ರಿಟೈರಾದರು. ಹೆಸರು ಹೇಳಬೇಡ ಕಣಯ್ಯ ಅಂದಿದ್ದಾರೆ. ಅವರ ಜಗಲಿ ಮೇಲೆ ಕೂತು ಕೇಳಿದ್ದನ್ನ, ಅದರ ಮೇಲೆ ನನಗನ್ನಿಸಿದ್ದನ್ನ ನಿಮ್ಮ ಮುಂದೆ ಇಡ್ತೀನಿ.

ಅವರದೊಂದು ಲೆಕ್ಕ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದನೇ ಕ್ಲಾಸಿನವರೆಗೆ ವರ್ಷಕ್ಕೆ ಕಡಿಮೆ ಅಂದರೂ 200 ದಿನ ಶಾಲೆ ನಡೀಬೇಕು. ಐದು ವರ್ಷಕ್ಕೆ ಸಾವಿರ ದಿನ. ನಮ್ಮ ಮಗುವಿನ ಹೆಸರನ್ನ ಸಾವಿರ ಸಲ ಎಲ್ಲರ ಮುಂದೆ ಕೂಗ್ತಾರೆ. ಸಾವಿರ ಸಲ ಅದು ತಟ್ಟೆ ಹಿಡಿದು ಸಾಲಿನಲ್ಲಿ ಕೂರುತ್ತೆ. ಪುಸ್ತಕದ ಪಾಠ ಮರೆತುಹೋಗಬಹುದು, ಈ ಸಾವಿರ ದಿನದ ಪಾಠ ಮೈಗಂಟಿಕೊಂಡುಬಿಡುತ್ತೆ. ಅದನ್ನ ಕಲಿಸೋನು ಹೆಡ್ಮಾಸ್ತರು, ಬೇಕು ಅಂತಲೋ ಬೇಡ ಅಂತಲೋ.

ಮೊದಲು ಹೆಸರು. ನಮ್ಮ ಹಿರಿಯರಲ್ಲಿ ಎಷ್ಟು ಜನ ಜೂನ್ 1ರಂದು ಹುಟ್ಟಿದ್ದಾರೆ ಅಂತ ಕೇಳಿ ನೋಡಿ. ಶಾಲೆ ಶುರುವಾಗೋ ತಿಂಗಳು ನೋಡಿ ಮೇಷ್ಟ್ರು ಬರೆದುಕೊಂಡ ತಾರೀಖು ಅದು. ಹೆಸರೂ ಅವರ ಬಾಯಿಗೆ ಬಂದಂತೆ. ಈ ಹೆಡ್ಮಾಸ್ತರು ದಾಖಲಾತಿ ದಿನ ತಾಯಿಯನ್ನೇ ಕುರ್ಚಿ ಮೇಲೆ ಕೂರಿಸಿ, ಮಗುವಿನ ಹೆಸರನ್ನ ಅವಳ ಬಾಯಲ್ಲೇ ಕೇಳಿ ಬರೀತಿದ್ದರು. ಇನ್ನು ಸ್ಕಾಲರ್‌ಶಿಪ್. 'ಎಸ್ಸಿ ಎಸ್ಟಿ ಮಕ್ಕಳು ಎದ್ದು ನಿಲ್ಲಿ' ಅನ್ನೋ ಕೂಗು ನನ್ನ ಕಿವಿಯಲ್ಲಿ ಇನ್ನೂ ಇದೆ, ಇಲ್ಲಿ ಕೂತಿರೋ ಅರ್ಧ ಜನರ ಕಿವಿಯಲ್ಲೂ ಇರುತ್ತೆ. ಅರ್ಜಿಯನ್ನ ಮನೆಗೆ ಕಳಿಸಿದರೂ ಸರ್ಕಾರದ ದುಡ್ಡು ಬಂದೇ ಬರುತ್ತೆ ಅಂತ ಅವರು ಮಾಡಿ ತೋರಿಸಿದರು. ಕಾಗದ ಒಂದೇ, ಕಾಸು ಒಂದೇ. ಮಗು ಎದ್ದು ನಿಲ್ಲಬೇಕಾಗಲಿಲ್ಲ ಅಷ್ಟೆ.

ಆಮೇಲೆ ನಾಲಿಗೆ. ಇದು ನನಗೆ ತುಂಬಾ ಹಿಡಿಸಿದ ಮಾತು, ಪದ್ಯ ಬರೆಯೋನಲ್ವ. ನಮ್ಮ ಮಗು 'ಹಕ್ಕಿ ಹಾರುತ್ತದೆ' ಅನ್ನೋದನ್ನ 'ಅಕ್ಕಿ ಆರ್ತದೆ' ಅಂತ ಓದುತ್ತೆ. ಕ್ಲಾಸೇ ನಗುತ್ತೆ, ಮೇಷ್ಟ್ರೂ ನಗ್ತಾರೆ. ಅವತ್ತು ಬಾಯಿ ಮುಚ್ಚಿದ ಮಗು ನಾಲ್ಕನೇ ಕ್ಲಾಸಿಗೆ ಬಂದಾಗ 'ದಡ್ಡ' ಅನ್ನಿಸಿಕೊಂಡಿರುತ್ತೆ. ಹೆಡ್ಮಾಸ್ತರು ಕೇಳಿದ್ದು ಒಂದೇ: ಮಗುವಿಗೆ ಹಕ್ಕಿ ಗೊತ್ತಿಲ್ಲವಾ? ಗೂಡು ಎಲ್ಲಿ ಕಟ್ಟುತ್ತೆ, ಮೊಟ್ಟೆ ಯಾವ ಬಣ್ಣ, ಎಲ್ಲಾ ಗೊತ್ತು. ಗೊತ್ತಿಲ್ಲದ್ದು ಒಂದು ಹಕಾರ. ಮೊದಲನೇ ವರ್ಷ ಅವರು ಆ ಹಕಾರವನ್ನ ತಿದ್ದೋಕೇ ಹೋಗ್ತಿರಲಿಲ್ಲ. ಮಾತಾಡಲಿ, ಕತೆ ಹೇಳಲಿ, ಬೈದರೆ ಬೈಯಲಿ. ಬರವಣಿಗೆ ಕೈಗೆ ಬಂದಾಗ ಹಕಾರ ತಾನೇ ಬರುತ್ತೆ, ಮುಚ್ಚಿದ ಬಾಯಿ ಮಾತ್ರ ತಾನೇ ತೆಗೆಯೋದಿಲ್ಲ ಅಂತಿದ್ದರು.

ಹೆಗ್ಗಡದೇವನಕೋಟೆ ತಾಲೂಕಿನಲ್ಲಿ 1995ರ ಹೊತ್ತಿಗೆ ಶುರುವಾದ ನಲಿ-ಕಲಿ ಅವರಿಗೆ ಇಷ್ಟ. ಅದರಲ್ಲಿ ಮುಂದಿನ ಬೆಂಚು ಹಿಂದಿನ ಬೆಂಚು ಇಲ್ಲ. ಕಲಿಕೆಯ ಯಾವ ಮೆಟ್ಟಿಲಲ್ಲಿ ಇದೀಯೋ ಆ ಗುಂಪಿನಲ್ಲಿ ದುಂಡಗೆ ಕೂರಬೇಕು. ಆ ಗುಂಪಿಗೆ 'ತಟ್ಟೆ' ಅಂತ ಹೆಸರು. ಒಂದೇ ತಟ್ಟೆಯಲ್ಲಿ ಗೌಡರ ಮಗು, ನಮ್ಮ ಮಗು! ಮೆಟ್ಟಿಲಿಗೆ ಮೈಲಿಗಲ್ಲು ಅಂತಾರಂತೆ. ಮೈಲಿಗೆ ಹೋಗಿ ಮೈಲಿಗಲ್ಲು ಬಂತು ಅಂತ ನಾನು ನಗಾಡಿದೆ. ಅವರು ನಗಲಿಲ್ಲ. ಮಧ್ಯಾಹ್ನ ಗಂಟೆ ಹೊಡೆದ ಮೇಲೆ ನೋಡು ಅಂದರು.

ಮಧ್ಯಾಹ್ನ ಅಂದರೆ ಊಟ. ಸಾತಾರದಲ್ಲಿ ಓದುವಾಗ ಬಾಬಾಸಾಹೇಬರು ಕೂರೋಕೆ ಗೋಣಿತಟ್ಟು ಮನೆಯಿಂದ ತರಬೇಕಿತ್ತು, ಜವಾನ ಎತ್ತಿ ಹೊಯ್ದರೆ ಮಾತ್ರ ನೀರು. ಜವಾನ ಬರದಿದ್ದರೆ ನೀರಿಲ್ಲ. ಅದೆಲ್ಲ ಹಳೇ ಕತೆ ಅನ್ನೋರಿಗೆ ಇದನ್ನ ಹೇಳಿ: ಬಿಸಿಯೂಟದ ಅಡುಗೆಯವರನ್ನ ನೇಮಿಸುವಾಗ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಬೇಕು ಅಂತ ಸುಪ್ರೀಂ ಕೋರ್ಟು 2004ರ ಏಪ್ರಿಲ್ 20ರಂದೇ ಹೇಳಿದೆ. ಇಪ್ಪತ್ತು ವರ್ಷ ದಾಟಿತು. ಈ ಹೆಡ್ಮಾಸ್ತರ ಶಾಲೆಗೆ ನಮ್ಮ ಹೆಣ್ಣುಮಗಳು ಅಡುಗೆಗೆ ಬಂದಾಗ ಅರ್ಧ ಮಕ್ಕಳು ಮನೆಯಿಂದ ಡಬ್ಬಿ ತಂದವು. ಅವರು ಯಾರನ್ನೂ ಬೈಯಲಿಲ್ಲ. ದಿನಾ ಮೊದಲ ತಟ್ಟೆ ತಾವು ತಗೊಂಡು ಸಾಲಿನ ಮಧ್ಯೆ ಕೂತು ಉಂಡರು, ಮಿಕ್ಕ ಮೇಷ್ಟ್ರುಗಳನ್ನೂ ಕೂರಿಸಿದರು. ಸಾರಿನ ವಾಸನೆಗೆ ಡಬ್ಬಿ ಒಂದೊಂದಾಗಿ ಕಡಿಮೆಯಾದವು. ಆದರೂ ನಾಲ್ಕು ಮನೆಯವರು ಟಿಸಿ ತಗೊಂಡು ವ್ಯಾನಿನ ಶಾಲೆಗೆ ಹೋದರು. ಹೋಗಲಿ ಬಿಡು, ಅಡುಗೆಯವಳು ಹೋಗಲಿಲ್ಲವಲ್ಲ ಅಂದರು.

ಇನ್ನು ಪೊರಕೆ. ಹಳ್ಳಿ ಪ್ರೈಮರಿ ಶಾಲೆಗೆ ಜವಾನ ಇಲ್ಲ. ಹಾಗಾದರೆ ಗುಡಿಸೋರು ಯಾರು, ಕಕ್ಕಸು ತೊಳೆಯೋರು ಯಾರು? ಕೇಳಬೇಕಾ! 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನ ಮಲದ ಗುಂಡಿಗೆ ಇಳಿಸಿದ್ದು ನಾಡಿಗೆಲ್ಲ ಗೊತ್ತಾಯಿತು. ಗೊತ್ತಾಗದೆ ಹೋದವು ಎಷ್ಟೋ. ನಮ್ಮ ಹೆಡ್ಮಾಸ್ತರು ಗೋಡೆ ಮೇಲೆ ಚಾರ್ಟು ಬರೆದು ಹಾಕಿದ್ದರು. ಅಂಗಳ ಗುಡಿಸೋದು ಹಾಜರಿ ನಂಬರಿನ ಪ್ರಕಾರ, ಗಂಡು ಹೆಣ್ಣು ಎಲ್ಲಾ. ಶನಿವಾರ ಮೇಷ್ಟ್ರುಗಳ ಸರದಿ. ಕಕ್ಕಸಿಗೆ ಮಕ್ಕಳ ಕೈ ಮುಟ್ಟಿಸಲಿಲ್ಲ, ಪಂಚಾಯ್ತಿಗೆ ಕಾಗದದ ಮೇಲೆ ಕಾಗದ ಬರೆದು ಆಳು ಹಾಕಿಸಿದರು.

ಎಲ್ಲಾ ಶಾಲೆಗೂ ಇಂಥ ಹೆಡ್ಮಾಸ್ತರು ಸಿಗೋದಿಲ್ಲ. ಅದಕ್ಕೇ ಕಮಿಟಿ ಇರೋದು. ಕಾಯ್ದೆಯ 21ನೇ ಕಲಮಿನಲ್ಲಿ ಬರೆದಿದೆ: ಶಾಲಾ ಕಮಿಟಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳು ಇರಬೇಕು, ಅರ್ಧ ಹೆಂಗಸರು ಇರಬೇಕು, ನಮ್ಮಂಥ ಮನೆಗಳಿಗೆ ಮಕ್ಕಳ ಸಂಖ್ಯೆಗೆ ತಕ್ಕ ಪಾಲು ಸಿಗಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಮೀಟಿಂಗು ಇಟ್ಟರೆ ಕೂಲಿಗೆ ಹೋದೋಳು ಬರೋದು ಹೆಂಗೆ? ಸಂಜೆ ಇಡಿ ಅಂತ ಕೇಳಿ, ಇವರು ಸಂಜೆ ಆರಕ್ಕೇ ಇಡ್ತಿದ್ದರು. ಮೀಟಿಂಗು ಮುಗಿದ ಮೇಲೆ ಪುಸ್ತಕ ನಿಮ್ಮ ಮನೆ ಬಾಗಿಲಿಗೆ ಬಂದರೆ ಹೆಬ್ಬೆಟ್ಟು ಒತ್ತಬೇಡಿ. ಐದನೇ ಕ್ಲಾಸಿನ ಮಗಳನ್ನ ಕರೆದು, ಅದರಲ್ಲಿ ಏನು ಬರೆದಿದೆ ಅಂತ ಗಟ್ಟಿಯಾಗಿ ಓದಿಸಿ. ಹಕಾರ ತಪ್ಪಿದರೂ ಪರವಾಗಿಲ್ಲ.